ಯುದ್ಧ ನಡೆಯುವ ನೆಲದಲ್ಲಿ ತಂತ್ರಜ್ಞರ ಕೆಲಸ: ಮುಂಬೈ, ಪುಣೆಗಳಿಂದ ಹೊರಡುವ ಕನ್ನಡಿಗರಿಗೆ ಮಾರ್ಗದರ್ಶಿ

ಐರೋಲಿ, ಪೊವಾಯಿ, ಹಿಂಜೆವಾಡಿ, ಖರಾಡಿಗಳಲ್ಲಿ ದುಡಿಯುವ ನೆಟ್‌ವರ್ಕ್ ಎಂಜಿನಿಯರುಗಳಿಗೂ ವಿಸ್ಯಾಟ್ (ಸಣ್ಣ ತಟ್ಟೆಯ ಉಪಗ್ರಹ ಸಂಪರ್ಕ) ಮತ್ತು ಟವರ್ ತಂತ್ರಜ್ಞರಿಗೂ ಇರಾಕ್, ಸೊಮಾಲಿಯಾ, ದಕ್ಷಿಣ ಸುಡಾನ್‌ಗಳಂಥ ದೇಶಗಳಿಂದ ಕೆಲಸದ ಕರೆ ಬರುವುದು ಹೊಸದೇನಲ್ಲ. ಕರೆಯುವವರು ಒಮ್ಮೆ ವಿಶ್ವಸಂಸ್ಥೆಯ ಶಾಂತಿಪಾಲನಾ ಕಾರ್ಯಾಚರಣೆಯವರು, ಒಮ್ಮೆ ಸೇನಾ ಶಿಬಿರಗಳಿಗೆ ಸೇವೆ ಒದಗಿಸುವ ಗುತ್ತಿಗೆದಾರರು, ಇನ್ನೊಮ್ಮೆ ಅಲ್ಲಿನ ಮೊಬೈಲ್ ಕಂಪನಿಯ ಪರವಾಗಿ ಟವರ್ ನಿಲ್ಲಿಸುವವರು. ಇಂಥ ಶಿಬಿರಗಳಲ್ಲಿ ಕೆಲಸ ಮಾಡಿ ಬಂದ ನನ್ನನ್ನು ಹೊಸಬರು ಮೊದಲು ಕೇಳುವುದು ಸಂಬಳದ ಬಗ್ಗೆ, ಆಮೇಲೆ ರಾಕೆಟ್ಟಿನ ಬಗ್ಗೆ. ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಪರಿಸ್ಥಿತಿ ಕೆಟ್ಟ ದಿನ ನನ್ನನ್ನು ಅಲ್ಲಿಂದ ಹೊರಗೆ ಕರೆತರುವ ಹೊಣೆ ಯಾರದು, ಮತ್ತು ಅದು ಯಾವ ಕಾಗದದಲ್ಲಿ ಬರೆದಿದೆ? ಕೆಳಗಿನ ಹೆಜ್ಜೆಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

ಮೊದಲ ಹೆಜ್ಜೆ: ಕರೆದವರು ಯಾರೆಂದು ತಿಳಿಯುವುದು

ಯುದ್ಧವಲಯದ ಕೆಲಸಗಳಲ್ಲಿ ಒಂದು ಕಂಪನಿಯ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು ಎಂಬಂತೆ ಗುತ್ತಿಗೆಯ ಸರಪಳಿ ಇರುತ್ತದೆ. ಮೂಲ ಗುತ್ತಿಗೆದಾರರು ಅಮೆರಿಕದವರಾದರೆ ಉಪಗುತ್ತಿಗೆದಾರರು ದುಬೈ ಅಥವಾ ಕುವೈತಿನವರಾಗಿರಬಹುದು, ಜನರನ್ನು ಒದಗಿಸುವವರು ಅಂಧೇರಿಯ ಎರಡು ಕೋಣೆಯ ಕಚೇರಿಯವರಾಗಿರಬಹುದು. ನೇಮಕಾತಿ ಪತ್ರದ ಮೇಲಿರುವ ಹೆಸರು ಈ ಮೂವರಲ್ಲಿ ಯಾರದೆಂದು ನೋಡಿ, ಉಳಿದವರ ಹೆಸರುಗಳನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಹೆಸರು ಹೇಳಲು ಹಿಂಜರಿಯುವ ಏಜೆಂಟರೊಂದಿಗೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ಇಲ್ಲಿ ಓದಿದವರು ಗಮನಿಸದ ಒಂದು ಕಂದಕವಿದೆ. 1983ರ ವಲಸೆ ಕಾಯ್ದೆಯಡಿ ಉದ್ಯೋಗಕ್ಕೆ ಹೋಗುವವರು ವಲಸೆ ಪರವಾನಗಿ ಪಡೆಯಬೇಕಾದ 18 ದೇಶಗಳ ಪಟ್ಟಿಯಲ್ಲಿ ಇರಾಕ್, ಅಫ್ಘಾನಿಸ್ತಾನ, ಯೆಮನ್, ಲಿಬಿಯಾ, ಸುಡಾನ್, ದಕ್ಷಿಣ ಸುಡಾನ್, ಸಿರಿಯಾ ಎಲ್ಲವೂ ಇವೆ. ಆದರೆ ಹತ್ತನೆಯ ತರಗತಿ ಪಾಸಾದವರಿಗೆ ಈ ಪರವಾನಗಿ ಬೇಕಿಲ್ಲ. ಹೀಗಾಗಿ ಶಾಲೆ ಬಿಟ್ಟ ಗಾರೆ ಕೆಲಸದವರ ಒಪ್ಪಂದವನ್ನು ಸರಕಾರದವರೊಬ್ಬರು ಒಮ್ಮೆಯಾದರೂ ನೋಡುತ್ತಾರೆ, ಬಿ.ಇ. ಮಾಡಿದವರ ಒಪ್ಪಂದವನ್ನು ಯಾರೂ ನೋಡುವುದಿಲ್ಲ. ಪರವಾನಗಿ ಬೇಕಾದವರಿಗೆ ಕಡ್ಡಾಯವಾಗಿರುವ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ನಿಮಗೆ ತಾನಾಗಿ ಅನ್ವಯಿಸುವುದಿಲ್ಲ. ಆದ್ದರಿಂದ ಸರಕಾರ ಮಾಡದ ಪರಿಶೀಲನೆಯನ್ನು ನೀವೇ ಮಾಡಿಕೊಳ್ಳಬೇಕು. ಏಜೆಂಟರ ನೋಂದಣಿ ಸಂಖ್ಯೆ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಸಿಗುತ್ತದೆಯೇ ನೋಡಿ; ಅನುಮಾನವಿದ್ದರೆ ಬಾಂದ್ರಾ-ಕುರ್ಲಾ ಸಂಕೀರ್ಣದ ವಿದೇಶ ಭವನದಲ್ಲಿರುವ ವಲಸೆ ಸಂರಕ್ಷಕರ ಕಚೇರಿಗೆ ಹೋಗಿ ಕೇಳಿ. ನೋಂದಾಯಿತ ಏಜೆಂಟರು ಪಡೆಯಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ವಿಶ್ವಸಂಸ್ಥೆ ನೇಮಕಾತಿಯ ಯಾವ ಹಂತದಲ್ಲೂ ಹಣ ಕೇಳುವುದಿಲ್ಲ, ಹಾಗೆ ಕೇಳಿದವರು ವಿಶ್ವಸಂಸ್ಥೆಯವರಲ್ಲ.

ಹುದ್ದೆಯ ಹೆಸರು ಅಸ್ಪಷ್ಟವಾಗಿದ್ದರೆ ಇನ್ನೂ ಎಚ್ಚರಿಕೆ ಬೇಕು. ಕಲಬುರಗಿಯ ಕೆಲವು ಯುವಕರು ಸಹಾಯಕರ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ ಉಕ್ರೇನ್ ಯುದ್ಧದ ನಡುವೆ ಸಿಕ್ಕಿಕೊಂಡರು. 2024ರ ಮಾರ್ಚಿನಲ್ಲಿ ಸಿಬಿಐ ಇಂಥ ನೇಮಕಾತಿಯ ಬಗ್ಗೆ ಪ್ರಕರಣ ದಾಖಲಿಸಿ ಮುಂಬೈ ಸೇರಿದಂತೆ ಹಲವು ನಗರಗಳಲ್ಲಿ ಶೋಧ ನಡೆಸಿತು. ‘ಹೆಲ್ಪರ್’, ‘ಸಪೋರ್ಟ್ ಸ್ಟಾಫ್’ ಎಂಬಂಥ ಹುದ್ದೆಗಳಿಗೆ ಕೆಲಸದ ವಿವರ ಒಂದು ಪುಟವಾದರೂ ಇಲ್ಲದಿದ್ದರೆ ಹೋಗಬೇಡಿ. ಅದೇ ಕಂಪನಿಯಲ್ಲಿ ಅದೇ ಊರಿನಲ್ಲಿ ಇದ್ದು ಬಂದವರೊಬ್ಬರ ಜೊತೆ ಮಾತಾಡುವುದಕ್ಕೆ ಸಮನಾದ ಪರಿಶೀಲನೆ ಬೇರೊಂದಿಲ್ಲ. ಮಾಹಿಮಿನ ಕರ್ನಾಟಕ ಸಂಘ, ಮಾಟುಂಗಾದ ಮೈಸೂರು ಅಸೋಸಿಯೇಷನ್, ಪುಣೆಯ ಕನ್ನಡ ಸಂಘಗಳಲ್ಲಿ ವಿಚಾರಿಸಿದರೆ ಕೊಲ್ಲಿ ದೇಶಗಳ ದಾರಿಯಾಗಿ ಇಂಥ ಕಡೆ ಹೋಗಿ ಬಂದವರು ಯಾರಾದರೂ ಸಿಕ್ಕಿಯೇ ಸಿಗುತ್ತಾರೆ.

ಎರಡನೆಯ ಹೆಜ್ಜೆ: ಒಪ್ಪಂದವನ್ನು ಹಿಂದಿನಿಂದ ಓದುವುದು

ಸಂಬಳದ ಪುಟ ಮೊದಲಿರುತ್ತದೆ. ನಿಮಗೆ ಬೇಕಾದದ್ದು ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಕೆಲಸದ ಸ್ಥಳವನ್ನು ಊರಿನ ಹೆಸರಿನೊಂದಿಗೆ ಬರೆದಿದ್ದಾರೆಯೇ, ಅಥವಾ ‘ಕಂಪನಿ ಸೂಚಿಸಿದ ಯಾವುದೇ ಸ್ಥಳ’ ಎಂದು ಬಿಟ್ಟಿದ್ದಾರೆಯೇ? ಗಾಯಗೊಂಡರೆ ಯಾವ ದೇಶದ ಆಸ್ಪತ್ರೆಗೆ, ಯಾರ ಖರ್ಚಿನಲ್ಲಿ ಸಾಗಿಸುತ್ತಾರೆ? ಅಪಾಯ ಬಂದಾಗ ಜನರನ್ನು ಹೊರಕ್ಕೆ ಸಾಗಿಸುವ ತೆರವಿನ ನಿರ್ಧಾರ ಯಾರದು, ತೆರವಾದ ಮೇಲೆ ಸಂಬಳ ಎಷ್ಟು ದಿನ ನಡೆಯುತ್ತದೆ? ವಿಶ್ರಾಂತಿ ರಜೆ ಎಷ್ಟು ವಾರಕ್ಕೊಮ್ಮೆ, ವಿಮಾನದ ಟಿಕೆಟ್ ಎಲ್ಲಿಯವರೆಗೆ? ಪ್ರತಿಯೊಂದಕ್ಕೂ ಒಪ್ಪಂದದೊಳಗೇ ಉತ್ತರ ಸಿಗಬೇಕು. ಫೋನಿನಲ್ಲಿ ಕೊಟ್ಟ ಭರವಸೆ ಸೈರನ್ ಕೂಗಿದ ದಿನ ಕೆಲಸಕ್ಕೆ ಬಾರದು.

ವಿಮೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಭಾರತದ ಸಾಮಾನ್ಯ ಅಪಘಾತ ವಿಮೆ, ಆರೋಗ್ಯ ವಿಮೆಗಳು ಯುದ್ಧದಿಂದಾದ ಹಾನಿಯನ್ನು ಹೊರಗಿಡುತ್ತವೆ. ಜೀವವಿಮೆ ಇದ್ದರೆ, ಯುದ್ಧವಲಯದಲ್ಲಿ ವಾಸಿಸಲಿದ್ದೇನೆ ಎಂದು ಮೊದಲೇ ತಿಳಿಸಿ, ಪಾಲಿಸಿ ಅಲ್ಲಿಯೂ ನಡೆಯುತ್ತದೆಯೇ ಎಂಬುದಕ್ಕೆ ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಿ. ಅಮೆರಿಕ ಸರಕಾರದ ಗುತ್ತಿಗೆಯ ಕೆಳಗೆ ಹೋಗುವವರಿಗೆ ಅಲ್ಲಿನ 1941ರ ಡಿಫೆನ್ಸ್ ಬೇಸ್ ಕಾಯ್ದೆ ಅನ್ವಯಿಸುತ್ತದೆ. ಇದು ಉಪಗುತ್ತಿಗೆದಾರರ ನೌಕರರಿಗೂ, ಯಾವ ದೇಶದ ಪ್ರಜೆಗಳಿಗೂ ಅನ್ವಯ. ಭಾರತೀಯರೆಂಬ ಕಾರಣಕ್ಕೆ ಇಲ್ಲವೆನ್ನುವಂತಿಲ್ಲ. ಗಾಯದ ಚಿಕಿತ್ಸೆಯ ವೆಚ್ಚವನ್ನೂ ಕೆಲಸ ಮಾಡಲಾಗದ ಅವಧಿಗೆ ಸಾಮಾನ್ಯವಾಗಿ ಸರಾಸರಿ ವಾರದ ಸಂಬಳದ ಮೂರರಲ್ಲಿ ಎರಡು ಪಾಲನ್ನೂ, ಸತ್ತರೆ ಕುಟುಂಬಕ್ಕೆ ಪರಿಹಾರವನ್ನೂ ಈ ವಿಮೆ ಕೊಡಬೇಕು. ವಿಮಾ ಕಂಪನಿಯ ಹೆಸರು ಮತ್ತು ಪಾಲಿಸಿ ಸಂಖ್ಯೆಯನ್ನು ಹೊರಡುವ ಮೊದಲೇ ಪಡೆದು ಮನೆಯಲ್ಲಿ ಒಂದು ಪ್ರತಿ ಇಡಿ, ಏಕೆಂದರೆ ಅದನ್ನು ಹುಡುಕಬೇಕಾಗಿ ಬಂದಾಗ ಹುಡುಕುವವರು ನೀವಾಗಿರುವುದಿಲ್ಲ.

ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರಬೇಕು. ಭಾರತದ ಪಾಸ್‌ಪೋರ್ಟ್ ಕಾನೂನಿನ ಪ್ರಕಾರ ಭಾರತ ಸರಕಾರದ ಸ್ವತ್ತು, ಕಂಪನಿ ಅದನ್ನು ಒತ್ತೆಯಾಗಿಟ್ಟುಕೊಳ್ಳುವಂತಿಲ್ಲ. ಅಮೆರಿಕದ ಸರಕಾರಿ ಗುತ್ತಿಗೆಯ ನಿಯಮಗಳೂ ಪಾಸ್‌ಪೋರ್ಟ್ ಕಸಿದುಕೊಳ್ಳುವುದನ್ನು ನಿಷೇಧಿಸಿವೆ. ವೀಸಾ ಮುದ್ರೆಗೆಂದು ಕೊಟ್ಟರೆ ರಸೀದಿ ಪಡೆಯಿರಿ.

ಇನ್ನೊಂದು ಸೂಕ್ಷ್ಮ ವಿಷಯವನ್ನು ತಂತ್ರಜ್ಞರು ಹೊರಡುವ ಮೊದಲೇ ಯೋಚಿಸಬೇಕು. 1949ರ ಮೂರನೆಯ ಜಿನೀವಾ ಒಪ್ಪಂದದ 4ನೆಯ ವಿಧಿಯ ಪ್ರಕಾರ, ಸೇನೆಯ ಸದಸ್ಯರಾಗಿರದೆ ಅದರ ಅನುಮತಿಯಿಂದ ಜೊತೆಗಿರುವ ಗುತ್ತಿಗೆದಾರರು ಸೆರೆಸಿಕ್ಕರೆ ಅವರಿಗೆ ಯುದ್ಧಕೈದಿಯ ಸ್ಥಾನ ದೊರೆಯಬೇಕು. ಅದಕ್ಕೆಂದೇ ಸೇನೆ ಗುರುತಿನ ಚೀಟಿ ಕೊಡಬೇಕು. ಇದು ದೇಶ-ದೇಶಗಳ ನಡುವಿನ ಯುದ್ಧದ ಮಾತು. ಸರಕಾರಕ್ಕೂ ಬಂಡುಕೋರರಿಗೂ ನಡೆಯುವ ಒಳಯುದ್ಧದಲ್ಲಿ ಆ ಸ್ಥಾನವೇ ಇಲ್ಲ. ಅಷ್ಟಲ್ಲದೆ, ನಾಗರಿಕರು ಕಾದಾಟದಲ್ಲಿ ನೇರವಾಗಿ ಭಾಗವಹಿಸಿದಷ್ಟು ಹೊತ್ತು ದಾಳಿಯಿಂದ ತಮಗಿರುವ ರಕ್ಷಣೆಯನ್ನು ಕಳೆದುಕೊಳ್ಳುತ್ತಾರೆ. ಊಟದ ಮನೆಯ ವೈಫೈ ಸರಿಪಡಿಸುವುದಕ್ಕೂ ಡ್ರೋನು ಗುರಿ ಹಿಡಿಯುವ ಪರದೆಯ ಮುಂದೆ ಕೂರುವುದಕ್ಕೂ ಇರುವ ಅಂತರ ದೊಡ್ಡದು. ಶಿಬಿರದಲ್ಲಿ ಒಂದು ಕೆಲಸದಿಂದ ಇನ್ನೊಂದಕ್ಕೆ ಜಾರುವುದು ಮಾತ್ರ ಬಹಳ ಸುಲಭ, ಏಕೆಂದರೆ ಕೇಳುವವರು ನಿಮ್ಮ ಸ್ನೇಹಿತರೇ ಆಗಿರುತ್ತಾರೆ. ಒಪ್ಪಂದದಲ್ಲಿ ಇಲ್ಲದ ವ್ಯವಸ್ಥೆಯನ್ನು ಮುಟ್ಟಲು ಹೇಳಿದರೆ ಮೇಲಧಿಕಾರಿಯಿಂದ ಇಮೇಲ್ ಕೇಳಿ. ಸೇನೆಯ ಬಣ್ಣದ ಬಟ್ಟೆ ತೊಡಬೇಡಿ, ಫೋಟೋಗೆಂದೂ ಆಯುಧ ಹಿಡಿಯಬೇಡಿ.

ಮೂರನೆಯ ಹೆಜ್ಜೆ: ಮನೆಯ ಕಾಗದ, ಮೈಯ ತಯಾರಿ, ಪೆಟ್ಟಿಗೆ

ನಿಮ್ಮ ಮೇಲೆ ಅಪರಾಧ ಪ್ರಕರಣಗಳಿಲ್ಲವೆಂಬ ಪೊಲೀಸ್ ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಬೇಕು. ಬ್ಯಾಂಕ್ ಖಾತೆ, ಭವಿಷ್ಯನಿಧಿ, ಫ್ಲ್ಯಾಟ್ ಎಲ್ಲಕ್ಕೂ ನಾಮನಿರ್ದೇಶನ ಸರಿಯಿದೆಯೇ ನೋಡಿ, ಒಂದು ಉಯಿಲು ಬರೆದಿಡಿ, ಮನೆಯ ವ್ಯವಹಾರಕ್ಕೆ ನಂಬಿಗಸ್ತರೊಬ್ಬರಿಗೆ ಅಧಿಕಾರಪತ್ರ ಕೊಡಿ. ಇದನ್ನು ಅಪಶಕುನವೆಂದು ಅಮ್ಮ ಬೈದರೂ ಮಾಡಿ.

ಆಫ್ರಿಕಾದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು. ಲಸಿಕೆ ಪಡೆದ 10 ದಿನಗಳ ಮೇಲಷ್ಟೇ ಅದು ಸಿಂಧುವಾಗುತ್ತದೆ, 2016ರಿಂದ ಜೀವನಪರ್ಯಂತ ನಡೆಯುತ್ತದೆ. ಹಲ್ಲಿನ ಚಿಕಿತ್ಸೆ ಬಾಕಿಯಿದ್ದರೆ ಇಲ್ಲೇ ಮುಗಿಸಿಕೊಳ್ಳಿ, ಮತ್ತು ಕಿವಿಯ ಶ್ರವಣ ಪರೀಕ್ಷೆಯೊಂದನ್ನು ಮಾಡಿಸಿ ವರದಿ ಇಟ್ಟುಕೊಳ್ಳಿ. ಜನರೇಟರಿನ ಪಕ್ಕದಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡಿದ ಮೇಲೆ ಕಿವಿ ಮೊದಲು ಹೇಗಿತ್ತು ಎಂಬುದಕ್ಕೆ ದಾಖಲೆ ಬೇಕಾಗುತ್ತದೆ.

ಪೆಟ್ಟಿಗೆ ಕಟ್ಟುವಾಗ ದುಬೈ, ದೋಹಾಗಳ ಮೂಲಕ ಹೋಗುತ್ತಿದ್ದೀರಿ ಎಂಬುದು ನೆನಪಿರಲಿ. ನಮ್ಮ ಮಸಾಲೆ ಡಬ್ಬಿಯ ಗಸಗಸೆ ಅಲ್ಲಿ ಮಾದಕವಸ್ತುವಿನ ಪಟ್ಟಿಯಲ್ಲಿದೆ. ಗಸಗಸೆ ಸೇರಿಸಿದ ಮನೆಯ ಸಾರಿನ ಪುಡಿಯೂ ಬೇಡ. ಕೊಡೀನ್ ಇರುವ ಕೆಮ್ಮಿನ ಔಷಧ, ಟ್ರಮಡಾಲ್ ಮಾತ್ರೆಗಳಿಗೂ ಅಲ್ಲಿ ನಿರ್ಬಂಧವಿದೆ. ಉಪಗ್ರಹ ಫೋನನ್ನು ಇಲ್ಲಿಂದ ಒಯ್ಯಬೇಡಿ, ರಜೆಗೆ ಬರುವಾಗ ಅಲ್ಲಿಂದ ತರಲೂಬೇಡಿ: ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ತುರಾಯಾ, ಇರಿಡಿಯಂ ಫೋನು ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. 2024ರ ಡಿಸೆಂಬರಿನಲ್ಲಿ ಗೋವಾದ ದಾಬೋಳಿ ನಿಲ್ದಾಣದಲ್ಲಿ ಚಾರಣಿಗರು ಬಳಸುವ ಚಿಕ್ಕ ಉಪಗ್ರಹ ಸಾಧನ ಇಟ್ಟುಕೊಂಡಿದ್ದಕ್ಕೇ ವಿದೇಶಿ ಪ್ರವಾಸಿಯೊಬ್ಬರನ್ನು ತಡೆದರು. ಡಾಲರು ನೋಟುಗಳು ಹೊಸವಾಗಿರಲಿ, ಮಡಿಕೆ ಬಿದ್ದ ಹಳೆಯ ನೋಟನ್ನು ಅಲ್ಲಿ ಮುಟ್ಟುವವರಿಲ್ಲ.

ನಾಲ್ಕನೆಯ ಹೆಜ್ಜೆ: ಇಳಿದ ಮೊದಲ ವಾರ

ಮೊದಲ ದಿನ ಕೋಣೆಗೆ ಹೋಗುವ ಮುನ್ನ ಅಲ್ಲಿಂದ ಬಂಕರಿಗೆ ಎಷ್ಟು ಹೆಜ್ಜೆ ಎಂದು ನಡೆದು ನೋಡಿ. ರಾತ್ರಿ ದೀಪವಿಲ್ಲದೆ ಇನ್ನೊಮ್ಮೆ ನಡೆಯಿರಿ. ಹಾಸಿಗೆಯನ್ನು ಕಿಟಕಿಯಿಂದ ದೂರ ಸರಿಸಿ, ಷೂ ಮತ್ತು ಟಾರ್ಚನ್ನು ಕೈಗೆಟಕುವಂತೆ ಇಡಿ. ಕೊಟ್ಟ ರಕ್ಷಣಾ ಕವಚವನ್ನು ಬಿಚ್ಚಿ ಒಳಗೆ ಗಟ್ಟಿ ಫಲಕಗಳಿವೆಯೇ ನೋಡಿ, ಏಕೆಂದರೆ ಬರೀ ಮೆತ್ತನೆಯ ಕವಚ ಚೂರುಗಳನ್ನೂ ಪಿಸ್ತೂಲಿನ ಗುಂಡನ್ನೂ ತಡೆಯಬಲ್ಲದೇ ಹೊರತು ರೈಫಲ್ ಗುಂಡನ್ನಲ್ಲ. ಕೈಕಾಲಿನ ರಕ್ತಸ್ರಾವ ನಿಲ್ಲಿಸುವ ಬಿಗಿಪಟ್ಟಿಯನ್ನು ಒಂದೇ ಕೈಯಿಂದ ಕಟ್ಟಿಕೊಳ್ಳುವುದನ್ನೂ ಕಟ್ಟಿದ ಸಮಯವನ್ನು ಬರೆದಿಡುವುದನ್ನೂ ತರಬೇತಿಯಲ್ಲಿ ಕಲಿಯುವಿರಿ. ಕೋಣೆಯಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿ.

ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ನೋಂದಣಿಯಿಲ್ಲದವರು ಅಲ್ಲಿದ್ದಾರೆಂದು ತೆರವಿನ ದಿನ ಯಾರಿಗೂ ತಿಳಿಯುವುದಿಲ್ಲ.

ಅಮೆರಿಕದ ಶಿಬಿರವಾದರೆ ಮದ್ಯ, ಸಾಕುಪ್ರಾಣಿ, ಪ್ರಾಚೀನ ವಸ್ತುಗಳ ಸಂಗ್ರಹ ಎಲ್ಲವೂ ನಿಷಿದ್ಧ, ಮತ್ತು ಸಿಕ್ಕಿಬಿದ್ದವರನ್ನು ಮುಂದಿನ ವಿಮಾನದಲ್ಲಿ ಮನೆಗೆ ಕಳಿಸುತ್ತಾರೆ. ಓಟದ ಲೆಕ್ಕವಿಡುವ ಕೈಗಡಿಯಾರವನ್ನು ಮನೆಯಲ್ಲೇ ಬಿಡಿ. ಸ್ಟ್ರಾವಾ ಎಂಬ ಓಟ ದಾಖಲಿಸುವ ಆ್ಯಪ್ ಪ್ರಕಟಿಸಿದ್ದ ಬಳಕೆದಾರರ ಓಟದ ನಕಾಶೆಯಲ್ಲಿ ಸೇನಾ ನೆಲೆಗಳ ಗಡಿರೇಖೆಗಳು ಕಾಣುತ್ತಿವೆ ಎಂಬುದು 2018ರ ಜನವರಿಯಲ್ಲಿ ಬಯಲಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಕಾರ್ಯಾಚರಣೆಯ ಪ್ರದೇಶಗಳಲ್ಲಿ ಇಂಥ ಸಾಧನಗಳ ಸ್ಥಳಸೂಚಿ ಸೌಲಭ್ಯವನ್ನು ನಿಷೇಧಿಸಿತು.

ಐದನೆಯ ಹೆಜ್ಜೆ: ಕೆಲಸ

ಗುತ್ತಿಗೆಯ ಶಿಬಿರಗಳಲ್ಲಿ ದಿನಕ್ಕೆ 12 ಗಂಟೆ, ವಾರಕ್ಕೆ ಏಳು ದಿನದ ಪಾಳಿ ಸಾಮಾನ್ಯ. ಅದರಲ್ಲಿ ಬಹುಪಾಲು ಹೋರಾಟ ಧೂಳು, ಶಾಖ ಮತ್ತು ಡೀಸೆಲ್‌ಗಳೊಂದಿಗೇ ನಡೆಯುತ್ತದೆ. ಇರಾಕಿನ ದಕ್ಷಿಣದಲ್ಲಿ ಬೇಸಿಗೆಯ ಮಧ್ಯಾಹ್ನ 50 ಡಿಗ್ರಿ ಮುಟ್ಟುತ್ತದೆ. ಯುಪಿಎಸ್‌ನ ಸೀಸ-ಆಮ್ಲ ಬ್ಯಾಟರಿಯ ಆಯುಷ್ಯ 25 ಡಿಗ್ರಿಯ ಮೇಲೆ ಸುಮಾರು ಪ್ರತಿ 10 ಡಿಗ್ರಿಗೆ ಅರ್ಧಕ್ಕಿಳಿಯುವುದರಿಂದ, ಸರ್ವರ್ ಕೋಣೆಯ ಎಸಿಗಿಂತ ಬ್ಯಾಟರಿ ಕೋಣೆಯ ಎಸಿಯ ಮೇಲೆ ಹೆಚ್ಚು ಕಣ್ಣಿಡಿ. ಡೀಸೆಲ್ ಜನರೇಟರನ್ನು ಸಾಮರ್ಥ್ಯದ ಮೂರನೆಯ ಒಂದು ಪಾಲಿಗಿಂತ ಕಡಿಮೆ ಹೊರೆಯಲ್ಲಿ ಬಹಳ ಹೊತ್ತು ಓಡಿಸಿದರೆ ಪೂರ್ತಿ ಉರಿಯದ ಇಂಧನ ಹೊಗೆಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ಸುರಕ್ಷತೆಗೆಂದು ಅಗತ್ಯಕ್ಕಿಂತ ದೊಡ್ಡ ಯಂತ್ರ ತರಿಸಿದ ಶಿಬಿರಗಳಲ್ಲಿ ಇದೇ ಕಾಯಿಲೆ. ಒಣ ಮರಳಿನಲ್ಲಿ ಅರ್ಥಿಂಗ್ ಹಿಡಿಯುವುದಿಲ್ಲ, ಅಳೆದು ನೋಡದೆ ನಂಬಬೇಡಿ.

ಭೂಸ್ಥಿರ ಉಪಗ್ರಹದ ಕೊಂಡಿಯಲ್ಲಿ ಸಂಕೇತ ಹೋಗಿ ಉತ್ತರ ಬರುವ ಒಂದು ಸುತ್ತಿನ ವಿಳಂಬ ಅರ್ಧ ಸೆಕೆಂಡಿಗಿಂತ ಹೆಚ್ಚು. ಮಾರ್ಚ್ ಮತ್ತು ಸೆಪ್ಟೆಂಬರಿನ ಆಸುಪಾಸಿನಲ್ಲಿ ಸೂರ್ಯ ಉಪಗ್ರಹದ ಬೆನ್ನಿಗೆ ಬಂದಾಗ ದಿನಕ್ಕೆ ಕೆಲವು ನಿಮಿಷ ಕೊಂಡಿ ಕಡಿಯುತ್ತದೆ. ಇದರ ವೇಳಾಪಟ್ಟಿಯನ್ನು ಮೊದಲೇ ಹಂಚಿದರೆ, ದಾಳಿಯಾಯಿತೆಂದು ಜನ ಗಾಬರಿಯಾಗುವುದು ತಪ್ಪುತ್ತದೆ. ಜಿಪಿಎಸ್ ಸಂಕೇತಕ್ಕೆ ಅಡ್ಡಿಪಡಿಸುವುದು ಈಗಿನ ಯುದ್ಧಗಳಲ್ಲಿ ದಿನನಿತ್ಯದ ಮಾತು. ಹಲವು ಮೊಬೈಲ್ ಟವರುಗಳು ತಮ್ಮ ಗಡಿಯಾರವನ್ನು ಜಿಪಿಎಸ್‌ನಿಂದ ಸರಿಹೊಂದಿಸಿಕೊಳ್ಳುವುದರಿಂದ, ಕಾರಣ ತಿಳಿಯದ ಕರೆ ಕಡಿತಗಳು ಹೆಚ್ಚಿದರೆ ರೇಡಿಯೋ ಬಿಚ್ಚುವ ಮೊದಲು ಗಡಿಯಾರದ ಎಚ್ಚರಿಕೆ ಸಂದೇಶಗಳನ್ನು ನೋಡಿ. ಬಿಡಿಭಾಗ ಸುಂಕದ ಕಟ್ಟೆಯಲ್ಲಿ ವಾರಗಟ್ಟಲೆ ಕೊಳೆಯುತ್ತದೆ. ಒಂದು ಬೇಕಾದ ಕಡೆ ಎರಡು ತರಿಸಿ.

ಈ ಕೆಲಸದ ನಿಜವಾದ ಅಪಾಯ ‘ಐದೇ ನಿಮಿಷದ ಕೆಲಸ’ ಎಂಬ ಮಾತಿನಲ್ಲಿದೆ. ಬೇಲಿಯ ಹೊರಗಿನ ಟವರಿನಲ್ಲಿ ಒಂದು ಕೇಬಲ್ ಸಡಿಲವಾಗಿದೆ, ಬೆಂಗಾವಲಿಗೆ ಕಾಯುತ್ತ ಕೂತರೆ ಮಧ್ಯಾಹ್ನವಾಗುತ್ತದೆ, ಅಲ್ಲಿಯವರೆಗೆ ಹತ್ತು ಜನ ಫೋನ್ ಮಾಡಿ ಪೀಡಿಸುತ್ತಾರೆ. ಆಗಲೂ ಬೆಂಗಾವಲಿಲ್ಲದೆ ಹೋಗಬಾರದು. 2006ರ ಏಪ್ರಿಲಿನಲ್ಲಿ ಅಫ್ಘಾನಿಸ್ತಾನದ ಝಾಬುಲ್ ಪ್ರಾಂತ್ಯದಲ್ಲಿ ಹೈದರಾಬಾದಿನ ದೂರಸಂಪರ್ಕ ಎಂಜಿನಿಯರೊಬ್ಬರನ್ನು ಅಪಹರಿಸಿ ಕೊಂದರು. ಸಂಪರ್ಕ ಜಾಲವನ್ನು ಕಟ್ಟುವವರು ಕಣ್ಣಿಗೆ ಬೀಳುವ ಗುರಿ. ಇಲ್ಲಿ ಮುಂಬೈಯವರ ಒಂದು ಅಭ್ಯಾಸವನ್ನು ಬಿಡಬೇಕು. ದಿನವೂ ಅದೇ 8:12ರ ಲೋಕಲ್, ಅದೇ ಡಬ್ಬಿ, ಅದೇ ಬಾಗಿಲು ಎಂಬ ಶಿಸ್ತು ಡೊಂಬಿವಲಿಯಿಂದ ದಾದರಿಗೆ ತಲುಪಿಸುತ್ತದೆ, ಆದರೆ ಯುದ್ಧವಲಯದಲ್ಲಿ ಅದೇ ಶಿಸ್ತು ಕಾಯುತ್ತಿರುವವರಿಗೆ ವೇಳಾಪಟ್ಟಿ ಕೊಟ್ಟಂತೆ. ಹೊರಡುವ ಹೊತ್ತು, ದಾರಿ, ವಾಹನ ಬದಲಾಗುತ್ತಿರಲಿ. ಹೊರಡುವಾಗ ಮತ್ತು ತಲುಪಿದಾಗ ರೇಡಿಯೋ ಕೋಣೆಗೆ ತಿಳಿಸುವುದು ಮಾತ್ರ ಎಂದೂ ಬದಲಾಗಬಾರದು.

ಸೈರನ್ ಕೂಗಿದಾಗ ಓಡುವ ಆಸೆಯನ್ನು ತಡೆದು ಮೊದಲು ನೆಲಕ್ಕೆ ಬೋರಲು ಬೀಳಿ. ಮೊದಲ ಸ್ಫೋಟದ ಬಳಿಕ ಬಿಡುವು ಸಿಕ್ಕಾಗ ಬಂಕರಿಗೆ ಹೋಗಿ, ಅಪಾಯ ಕಳೆಯಿತೆಂಬ ಘೋಷಣೆಯಾಗುವವರೆಗೆ ಅಲ್ಲೇ ಇರಿ, ತಲೆಲೆಕ್ಕಕ್ಕೆ ಹೆಸರು ಕೊಡಿ. ಬಿದ್ದ ಲೋಹದ ಚೂರನ್ನು ನೆನಪಿಗೆಂದು ಎತ್ತಿಕೊಳ್ಳಬೇಡಿ. ಬಂಕರಿಲ್ಲದ ನಗರದಲ್ಲಿದ್ದರೆ ಉಕ್ರೇನಿನವರು ಪಾಲಿಸುವ ಎರಡು ಗೋಡೆಯ ನಿಯಮ ಒಳ್ಳೆಯದು: ನಿಮಗೂ ಹೊರಗಿಗೂ ನಡುವೆ ಕನಿಷ್ಠ ಎರಡು ಗೋಡೆಗಳಿರಬೇಕು. ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬರು 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಸತ್ತದ್ದು ದಿನಸಿಗೆಂದು ಹೊರಗೆ ಹೋಗಿದ್ದಾಗ. ಒಂದು ವಾರಕ್ಕೆ ಸಾಲುವ ಅವಲಕ್ಕಿ, ನೀರು, ಖರ್ಜೂರ ಕೋಣೆಯಲ್ಲಿರಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಇದು.

ಆರನೆಯ ಹೆಜ್ಜೆ: ಮನೆಯೊಂದಿಗೆ ಮಾತು

ಇರಾಕ್ ನಮಗಿಂತ ಎರಡೂವರೆ ಗಂಟೆ ಹಿಂದಿದೆ. ಪಾಳಿ ಮುಗಿಸಿ ರಾತ್ರಿ ಎಂಟಕ್ಕೆ ಫೋನ್ ಮಾಡಿದರೆ ಇಲ್ಲಿ ಹತ್ತೂವರೆ. ಸಮಯಕ್ಕಿಂತ ಮುಖ್ಯವಾದ ವಿಷಯವೊಂದನ್ನು ಹೊರಡುವ ಮೊದಲೇ ಮನೆಯಲ್ಲಿ ಕೂತು ಹೇಳಬೇಕು. ಸೇನಾ ಶಿಬಿರದಲ್ಲಿ ಯಾರಾದರೂ ಸತ್ತರೆ ಅಥವಾ ತೀವ್ರವಾಗಿ ಗಾಯಗೊಂಡರೆ, ಅವರ ಕುಟುಂಬಕ್ಕೆ ಅಧಿಕೃತವಾಗಿ ತಿಳಿಸುವವರೆಗೆ ಖಾಸಗಿ ಇಂಟರ್ನೆಟ್ಟನ್ನೂ ಫೋನನ್ನೂ ಬೇಕೆಂದೇ ಮುಚ್ಚುತ್ತಾರೆ. ಅದು ಕೆಲವು ಗಂಟೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ನೆಟ್‌ವರ್ಕಿನವರಾದ್ದರಿಂದ ಆ ಗುಂಡಿ ಒತ್ತುವ ಕೈ ನಿಮ್ಮದೇ ಆಗಿರುತ್ತದೆ, ಮತ್ತು ಒತ್ತುವ ಮುಂಚೆ ಮನೆಗೊಂದು ಸಂದೇಶ ಹಾಕುವ ಅವಕಾಶ ನಿಮ್ಮೊಬ್ಬರಿಗೇ ಇರುತ್ತದೆ. ಹಾಕಬಾರದು. ಆ ಶಿಬಿರದಲ್ಲಿ ನಿಮ್ಮ ಮೇಲಿರುವ ನಂಬಿಕೆಯೆಲ್ಲ ಆ ಒಂದು ನಿಮಿಷದಲ್ಲಿದೆ. ಆದ್ದರಿಂದ ಮನೆಯವರೊಂದಿಗೆ ಮೊದಲೇ ಒಪ್ಪಂದ ಮಾಡಿಕೊಳ್ಳಿ: ಎರಡು ದಿನ ಸುದ್ದಿಯಿಲ್ಲದಿದ್ದರೆ ಅದು ಸಾಮಾನ್ಯ, ಮೂರನೆಯ ದಿನ ಕಂಪನಿಯ ತುರ್ತು ಸಂಖ್ಯೆಗೆ, ಆಮೇಲೆ ರಾಯಭಾರ ಕಚೇರಿಗೆ, ಜೊತೆಗೆ ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು. ಟಿವಿಯ ಕೆಳಗೆ ಓಡುವ ಸಾಲು ನೋಡಿ ನೆಂಟರೆಲ್ಲ ಫೋನ್ ಮಾಡುವಾಗ ಉತ್ತರಿಸುವವರು ಒಬ್ಬರೇ ಇರಲಿ, ಅಣ್ಣನೋ ಭಾವನೋ, ಹೆದರದೆ ಮಾತಾಡುವವರು.

ಏಳನೆಯ ಹೆಜ್ಜೆ: ಹೊರಬರುವ ದಾರಿ

ವಿಮಾನ ನಿಲ್ದಾಣ ಇದೆಯಲ್ಲ ಎಂದುಕೊಂಡು ಕೂರಬೇಡಿ, ಮೊದಲು ಮುಚ್ಚುವುದೇ ಅದು. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಕಾಳಗ ಶುರುವಾದ ದಿನವೇ ಖಾರ್ಟೂಮ್ ನಿಲ್ದಾಣ ಕೈತಪ್ಪಿತು, ಭಾರತ ಸರಕಾರದ ತೆರವು ಕಾರ್ಯಾಚರಣೆ ‘ಆಪರೇಷನ್ ಕಾವೇರಿ’ಯಲ್ಲಿ ಪಾರಾದ ಭಾರತೀಯರಲ್ಲಿ ಹೆಚ್ಚಿನವರು 800 ಕಿಲೋಮೀಟರಿಗೂ ಹೆಚ್ಚು ದೂರ ಬಸ್ಸಿನಲ್ಲಿ ಪೋರ್ಟ್ ಸುಡಾನಿಗೆ ಹೋಗಿ ಜೆಡ್ಡಾ ಸೇರಬೇಕಾಯಿತು. 2015ರಲ್ಲಿ ಯೆಮನ್‌ನಿಂದ ಜನ ಹೊರಬಂದದ್ದು ಜಿಬೂಟಿಯ ದಾರಿಯಾಗಿ. 1990ರಲ್ಲಿ ಕುವೈತಿನಲ್ಲಿದ್ದ ಸುಮಾರು 1.7 ಲಕ್ಷ ಭಾರತೀಯರು ಇರಾಕನ್ನು ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿ ಅಲ್ಲಿಂದ ಮುಂಬೈ ವಿಮಾನ ಹಿಡಿದರು. ಮೂರೂ ಸಲ ದಾರಿ ಪಕ್ಕದ ದೇಶದ ಮೂಲಕವೇ ಹೋಯಿತು. ಪಾಸ್‌ಪೋರ್ಟ್, ಚಿಕ್ಕ ಡಾಲರು ನೋಟುಗಳು, ಔಷಧ, ಕಾಗದದ ನಕಾಶೆ, ಎರಡು ದಿನದ ನೀರು ಇರುವ ಚೀಲವೊಂದು ಬಾಗಿಲ ಬಳಿ ಸದಾ ಸಿದ್ಧವಿರಲಿ. ಸರಕಾರ ಅಥವಾ ಕಂಪನಿ ಸ್ವಇಚ್ಛೆಯಿಂದ ಹೊರಡಿ ಎಂದು ಸೂಚಿಸಿದ ಮೊದಲ ಬಾರಿಗೇ ಹೊರಡಿ. ಬಾಕಿ ಸಂಬಳಕ್ಕಾಗಿ ಇನ್ನೊಂದು ವಾರ ಕಾಯುವ ಲೆಕ್ಕಾಚಾರ ನನಗೆ ಎಂದೂ ಸರಿಯೆನಿಸಿಲ್ಲ.

ಎಂಟನೆಯ ಹೆಜ್ಜೆ: ಮರಳಿದ ಮೇಲೆ

ರಜೆಯನ್ನು ಗಣೇಶೋತ್ಸವಕ್ಕೋ ದೀಪಾವಳಿಗೋ ಹೊಂದಿಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ಸಾಧ್ಯವಾದರೆ ಒಂದೆರಡು ವಾರ ಮುಂಚೆ ಬನ್ನಿ, ಪಟಾಕಿಯ ಸದ್ದಿಗೆ ಮೈ ತಾನಾಗಿ ಕುಗ್ಗುವುದು ಕೆಲವು ದಿನ ಸಹಜ. ನಿದ್ದೆ ಬಾರದಿರುವುದು, ಸಿಟ್ಟು, ಮನೆಯವರ ಮಾತು ಬೇಡವೆನಿಸುವುದು ಒಂದು ತಿಂಗಳಿಗಿಂತ ಹೆಚ್ಚು ಮುಂದುವರಿದರೆ ವೈದ್ಯರನ್ನು ಕಾಣಿ. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು.

ತೆರಿಗೆಯ ಲೆಕ್ಕಕ್ಕೆ ಪಾಸ್‌ಪೋರ್ಟಿನ ಮುದ್ರೆಗಳ ಪ್ರತಿ ಇಟ್ಟುಕೊಳ್ಳಿ: ಉದ್ಯೋಗಕ್ಕಾಗಿ ದೇಶ ಬಿಟ್ಟ ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಅನಿವಾಸಿ ಎಂದು ಪರಿಗಣಿಸುತ್ತಾರೆ.

ಶ್ರವಣ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ ಹಳೆಯ ವರದಿಯೊಂದಿಗೆ ಹೋಲಿಸಿ. ಕಸ ಸುಡುವ ಗುಂಡಿಗಳ ಹೊಗೆಯಲ್ಲಿ ಬದುಕಿದವರು ಶ್ವಾಸಕೋಶದ ಪರೀಕ್ಷೆಯನ್ನೂ ಮಾಡಿಸಬೇಕು. ಡಿಫೆನ್ಸ್ ಬೇಸ್ ಕಾಯ್ದೆಯಡಿ ಗಾಯವನ್ನು ಮಾಲೀಕರಿಗೆ ಸಾಮಾನ್ಯವಾಗಿ 30 ದಿನದೊಳಗೆ ಬರವಣಿಗೆಯಲ್ಲಿ ತಿಳಿಸಬೇಕು, ಪರಿಹಾರದ ಅರ್ಜಿಯನ್ನು ಒಂದು ವರ್ಷದೊಳಗೆ ಹಾಕಬೇಕು. ಬೆನ್ನುನೋವು, ಕಿವಿಯ ಗುಂಯ್‌ಗುಡುವಿಕೆಗಳನ್ನು ಶಿಬಿರದ ಆಸ್ಪತ್ರೆಯಲ್ಲಿ ಅಂದೇ ದಾಖಲಿಸಿ ಆ ಚೀಟಿಯ ಪ್ರತಿಯನ್ನು ತಂದಿದ್ದರೆ ಈ ಅರ್ಜಿಗೆ ಬಲ ಬರುತ್ತದೆ. ಆದ್ದರಿಂದ ಶಿಬಿರ ಬಿಡುವ ದಿನ ಸಹಿ ಹಾಕಿಸಿಕೊಳ್ಳುವ ಕಾಗದಗಳಲ್ಲಿ ‘ನನಗೆ ಯಾವ ಗಾಯವೂ ಆಗಿಲ್ಲ’ ಎಂಬ ಸಾಲಿದೆಯೇ ನೋಡಿ, ಅದು ನಿಜವಲ್ಲದಿದ್ದರೆ ಹೊಡೆದುಹಾಕಿದ ಮೇಲಷ್ಟೇ ಸಹಿ ಮಾಡಿ.